ಕೈಯಲ್ಲಿ ಕಾಸಿಲ್ಲ, ಆದರೂ ಇನ್ನೊಂದು ಆಟಿಕೆ: ಈ ಚಟದಿಂದ ಹೊರಬರುವುದು ಹೇಗೆ?

ಪಾರ್ಸೆಲ್ ತಂದವರ ಫೋನ್ ಬಂದಾಗ ಮನೆಯವರಿಗೆ ಕೇಳಿಸದ ಹಾಗೆ ಹೊರಗೆ ಹೋಗಿ ಮಾತಾಡಿದ್ದೀರಾ? ಬಾಕ್ಸನ್ನು ಬ್ಯಾಗಿನೊಳಗೆ ತುರುಕಿಕೊಂಡು ಬಂದು, ಎಲ್ಲರೂ ಮಲಗಿದ ಮೇಲೆ ಸದ್ದಾಗದ ಹಾಗೆ ನಿಧಾನವಾಗಿ ಟೇಪ್ ಕಿತ್ತಿದ್ದೀರಾ? ನಾನು ಕಿತ್ತಿದ್ದೇನೆ. ಆ ತಿಂಗಳ ಮನೆ ಬಾಡಿಗೆ ಇನ್ನೂ ಕಟ್ಟಿರಲಿಲ್ಲ. ಬಾಕ್ಸಿನಲ್ಲಿ ಇದ್ದದ್ದು ಬೆರಳುದ್ದದ ಒಂದು ಕಾರು.

ಪುಟ್ಟ ಕಾರು, ಆಕ್ಷನ್ ಫಿಗರ್, ಗೊಂಬೆ, ಬ್ಲಾಕ್ ಜೋಡಿಸುವ ಸೆಟ್, ಯಾವುದಾದರೂ ಆಗಲಿ, ಸಾಲ ಇದ್ದೂ ಕೊಳ್ಳುವುದನ್ನು ನಿಲ್ಲಿಸಲು ಆಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳ ಹೆಸರು ಹೇಳಿ ತಮ್ಮ ಆಸೆ ತೀರಿಸಿಕೊಳ್ಳುವ ಅಪ್ಪ ಅಮ್ಮಂದಿರಿಗೂ ಇದು ಅನ್ವಯಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತನ್ನು ನೀವು ಬೇಕಾದಷ್ಟು ಸಲ ಕೇಳಿರುತ್ತೀರಿ. ಅದು ಗೊತ್ತಿದ್ದೂ ಕೈ ನಿಲ್ಲುವುದಿಲ್ಲ, ಅಲ್ವಾ? ಹಾಗಾಗಿ ಬುದ್ಧಿವಾದ ಬಿಟ್ಟು, ಕೈ ನಿಲ್ಲಲು ಏನೇನು ಮಾಡಬಹುದು ಅನ್ನುವುದನ್ನಷ್ಟೇ ನೋಡೋಣ.

ಮೊದಲು ಇದನ್ನು ಗುರುತಿಸಿ

ಆಟಿಕೆ ಕೂಡಿಡುವುದು ಒಳ್ಳೆಯ ಹವ್ಯಾಸ. ದೊಡ್ಡವರು ಆಟಿಕೆ ಇಷ್ಟಪಡುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಎಷ್ಟು ಆಟಿಕೆ ಇದೆ ಅನ್ನುವುದರಿಂದಲೂ ಏನೂ ಗೊತ್ತಾಗುವುದಿಲ್ಲ. 1,000 ಕಾರು ಇಟ್ಟುಕೊಂಡು ಆರಾಮವಾಗಿ ಇರುವವರಿದ್ದಾರೆ. 40 ಕಾರಿಗೇ ಮುಳುಗಿ ಹೋದವರಿದ್ದಾರೆ.

ನಿಮ್ಮನ್ನು ನೀವೇ ಕೇಳಿಕೊಳ್ಳಿ. ತಂದದ್ದನ್ನು ಮುಚ್ಚಿಡುತ್ತೀರಾ? ಬೆಲೆ ಕೇಳಿದರೆ ಕಡಿಮೆ ಹೇಳುತ್ತೀರಾ? ಕರೆಂಟ್ ಬಿಲ್, ಫೀಸು, ಔಷಧಿಗೆ ಇಟ್ಟ ದುಡ್ಡಿಗೆ ಕೈ ಹಾಕಿದ್ದೀರಾ? ಬಂದ ಬಾಕ್ಸನ್ನು ಬಿಚ್ಚದೇ ಇಟ್ಟು ಮುಂದಿನದನ್ನು ಹುಡುಕುತ್ತಿದ್ದೀರಾ? ಈ ಕೊನೆಯ ಪ್ರಶ್ನೆ ನನ್ನ ಕಣ್ಣು ತೆರೆಸಿತು. ಒಂದು ದಿನ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ ಎಳೆದು ನೋಡಿದಾಗ ಒಂದೇ ನೀಲಿ ಕಾರು ಎರಡು ಸಿಕ್ಕವು. ಒಂದೇ ಮಾಡೆಲ್, ಒಂದೇ ಬಣ್ಣ. ಎರಡರ ಪ್ಯಾಕೆಟ್ಟೂ ಒಡೆದಿರಲಿಲ್ಲ. ಮೊದಲನೆಯದು ನನ್ನ ಹತ್ತಿರ ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಕಾರಿನ ಮೇಲೆ ಅಷ್ಟು ಪ್ರೀತಿ ಇದ್ದವನು ಅದನ್ನು ಹೇಗೆ ಮರೆತೆ? ನನಗೆ ಬೇಕಾಗಿದ್ದದ್ದು ಕೊಳ್ಳುವ ಆ ಗಳಿಗೆ, ಅಷ್ಟೇ.

ಇದು ಇವತ್ತು ನಿನ್ನೆಯ ತೊಂದರೆಯೂ ಅಲ್ಲ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ 1915ರ ಹೊತ್ತಿಗೇ ಕೊಳ್ಳುವ ಹುಚ್ಚಿನ ಬಗ್ಗೆ ಬರೆದಿದ್ದರು. ಆಗ ಆನ್‌ಲೈನ್ ಅಂಗಡಿಯೂ ಇರಲಿಲ್ಲ, ಕ್ರೆಡಿಟ್ ಕಾರ್ಡೂ ಇರಲಿಲ್ಲ. ಹಾಗಾಗಿ "ನಾನೊಬ್ಬನೇ ಹೀಗೆ" ಎಂದು ಕೊರಗಬೇಡಿ.

ಒಳಗೆ ಏನು ನಡೆಯುತ್ತದೆ?

ವೂಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳು ಹೆಸರುವಾಸಿ. ಕೋತಿಗೆ ಹಣ್ಣಿನ ರಸದ ಹನಿ ಸಿಕ್ಕಾಗ ಮೆದುಳಿನಲ್ಲಿ ಡೋಪಮಿನ್ ಎಂಬ, ಬಯಕೆಗೆ ಸಂಬಂಧಿಸಿದ ರಾಸಾಯನಿಕ ಬಿಡುವ ಕೋಶಗಳು ಚುರುಕಾಗುತ್ತಿದ್ದವು. ರಸ ಕೊಡುವ ಮೊದಲು ಒಂದು ಸೂಚನೆ ಕೊಡುವುದನ್ನು ರೂಢಿ ಮಾಡಿದರು. ಕೆಲವು ದಿನಗಳಾದ ಮೇಲೆ ಆ ಸೂಚನೆ ಕಂಡ ತಕ್ಷಣವೇ ಕೋಶಗಳು ಚುರುಕಾಗತೊಡಗಿದವು. ರಸ ಬಾಯಿಗೆ ಬಿದ್ದಾಗ ಮೊದಲಿನ ಗದ್ದಲ ಇರಲಿಲ್ಲ.

"ಹೊಸ ಮಾಲು ಬಂದಿದೆ" ಅನ್ನುವ ನೋಟಿಫಿಕೇಶನ್ ನಮಗೆ ಅಂಥ ಸೂಚನೆ. ಅದು ಬಂದಾಗ ಎದೆ ಹೊಡೆದುಕೊಳ್ಳುತ್ತದೆ. ಆರ್ಡರ್ ಒತ್ತಿದ ಮೇಲೆ ಸಮಾಧಾನ. ಪಾರ್ಸೆಲ್ ಎಲ್ಲಿಗೆ ಬಂತು ಅಂತ ದಿನಕ್ಕೆ ಹತ್ತು ಸಲ ನೋಡುತ್ತೇವೆ. ಕೈಗೆ ಸಿಕ್ಕ ಅರ್ಧ ಗಂಟೆಗೆ ಎಲ್ಲ ಇಳಿದುಹೋಗುತ್ತದೆ. ಹಾಗಾಗಿ "ಇದೊಂದು ಸಿಕ್ಕರೆ ಸಾಕು" ಎಂದು ಮನಸ್ಸು ಹೇಳಿದರೆ ನಂಬಬೇಡಿ. ಸಾಕು ಅನ್ನುವ ಜಾಗ ಅಲ್ಲಿ ಇಲ್ಲ.

ಒಳಗೆ ಏನಿದೆ ಎಂದು ಗೊತ್ತಿಲ್ಲದ ಬ್ಲೈಂಡ್ ಬಾಕ್ಸ್ ಇನ್ನೂ ಅಪಾಯ. ಲೆಕ್ಕ ಹಾಕಿ ನೋಡೋಣ. ಒಂದು ಸರಣಿಯಲ್ಲಿ 12 ಗೊಂಬೆ ಇವೆ, ಪ್ರತಿಯೊಂದೂ ಸಿಗುವ ಸಾಧ್ಯತೆ ಸಮ ಅಂತಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ಕೊಳ್ಳುತ್ತಾ ಹೋದರೆ 12ನ್ನೂ ಸೇರಿಸಲು ಸರಾಸರಿ 37 ಬಾಕ್ಸ್ ಬೇಕು. ಬಾಕಿ ಉಳಿದ ಆ ಕೊನೆಯ ಒಂದಕ್ಕೇ ಸರಾಸರಿ 12 ಬಾಕ್ಸ್. ಅಪರೂಪದ ಗುಪ್ತ ಗೊಂಬೆ ಒಂದಿದ್ದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. "ಒಂದೇ ಒಂದು ಬಾಕಿ" ಅಂದಾಗ ಸೆಟ್ ಮುಗಿಯುತ್ತಾ ಬಂತು ಅನ್ನಿಸುತ್ತದೆ. ದುಡ್ಡಿನ ಲೆಕ್ಕದಲ್ಲಿ ಆಗ ಮೂರನೇ ಒಂದು ಭಾಗ ಇನ್ನೂ ಬಾಕಿ ಇರುತ್ತದೆ.

ಹೆಜ್ಜೆ 1: ಇವತ್ತು ರಾತ್ರಿಯೇ ದಾರಿಗೆ ಕಲ್ಲು ಹಾಕಿ

ಆಸೆ ಉಕ್ಕಿ ಬಂದಾಗ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ. ಮನಸ್ಸು ಶಾಂತವಾಗಿರುವಾಗಲೇ ಕೆಲಸ ಮುಗಿಸಿಡಬೇಕು. ಫೋನ್ ಕೈಗೆ ತೆಗೆದುಕೊಳ್ಳಿ. ಎಲ್ಲೆಲ್ಲಿ ಕಾರ್ಡ್ ನಂಬರ್ ಸೇವ್ ಆಗಿದೆಯೋ ಅಲ್ಲೆಲ್ಲ ಅಳಿಸಿ. ಶಾಪಿಂಗ್ ಆ್ಯಪ್ ತೆಗೆಯಿರಿ. ಆ್ಯಪ್ ತೆಗೆದರೂ ಬ್ರೌಸರ್‌ನಲ್ಲಿ ಲಾಗಿನ್ ಹಾಗೇ ಇರುತ್ತದೆ, ಅದನ್ನೂ ತೆಗೆಯಿರಿ. "ಈಗ ಕೊಳ್ಳಿ, ಆಮೇಲೆ ಕೊಡಿ" ಅನ್ನುವ ಖಾತೆ ಇದ್ದರೆ ಮುಚ್ಚಿಸಿ. ಕಾರ್ಡಿನಲ್ಲಿ ಆನ್‌ಲೈನ್ ಖರೀದಿ ನಿಲ್ಲಿಸುವ, ಮಿತಿ ಇಳಿಸುವ ಸೌಲಭ್ಯ ಇದೆಯಾ ನೋಡಿ, ಇದ್ದರೆ ಬಳಸಿ.

ಇದೆಲ್ಲ ಚಿಕ್ಕ ಅಡ್ಡಿ ಅನ್ನಿಸಬಹುದು. ಆದರೆ ರಾತ್ರಿ 1 ಗಂಟೆಗೆ ಎದ್ದು ಹೋಗಿ ಕಾರ್ಡ್ ಹುಡುಕಿ 16 ಅಂಕಿ ಒತ್ತಬೇಕು ಅಂದರೆ ಅಷ್ಟರಲ್ಲಿ ಎಚ್ಚರ ಬರುತ್ತದೆ. ದುಡ್ಡು ಹೋಗುವುದು ಕಣ್ಣಿಗೆ ಕಾಣಬೇಕು. ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರಿಂದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗೆ ಬೆಲೆ ಕೂಗಿಸಿದ್ದರು. ಕಾರ್ಡಿನಲ್ಲಿ ಕೊಡುವವರು ಸರಾಸರಿಯಲ್ಲಿ ನಗದು ಕೊಡುವವರ ಸುಮಾರು ಎರಡರಷ್ಟು ಕೂಗಿದರು. ಟಿಕೆಟ್ ಅದೇ. ದುಡ್ಡು ಕೈಬಿಡುವ ನೋವು ಮಾತ್ರ ಕಡಿಮೆ.

ಮರೆಯುವಂಥದ್ದು ಒಂದಿದೆ: ಪ್ರೀ-ಆರ್ಡರ್. ಆರು ತಿಂಗಳ ಹಿಂದೆ ಬುಕ್ ಮಾಡಿದ್ದು ಕೈ ಬಿಗಿ ಇರುವ ತಿಂಗಳಲ್ಲೇ ಬಂದು ಬಾಗಿಲು ತಟ್ಟುತ್ತದೆ. ಇವತ್ತೇ ಎಲ್ಲವನ್ನೂ ಪಟ್ಟಿ ಮಾಡಿ, ರದ್ದು ಮಾಡಿ. "ಅಡ್ವಾನ್ಸ್ ಹೋಗುತ್ತಲ್ಲ" ಎಂದು ಮನಸ್ಸು ಎಳೆಯುತ್ತದೆ. ಅಡ್ವಾನ್ಸ್ ಹೋಗಿ ಆಗಿದೆ. ಈಗ ಉಳಿಸಿಕೊಳ್ಳುವುದು ಬಾಕಿ ಮೊತ್ತವನ್ನು.

ಸಂಗ್ರಹ ಮಾಡುವವರ ಗ್ರೂಪ್‌ಗಳ ವಿಷಯದಲ್ಲಿ ನನಗೆ ಇನ್ನೂ ನೋವಿದೆ. ಅಲ್ಲಿ ಒಳ್ಳೆಯ ಸ್ನೇಹಿತರಿದ್ದರು. ಆದರೆ ದಿನಕ್ಕೆ ಐವತ್ತು ಫೋಟೊ ನೋಡುತ್ತಾ ಕೊಳ್ಳದೇ ಇರುವುದು ನನ್ನಿಂದ ಆಗಲಿಲ್ಲ. ಮೂರು ತಿಂಗಳು ಹೊರಗಿರಿ. ಇಬ್ಬರು ಆಪ್ತರಿಗೆ ಫೋನ್ ಮಾಡಿ ಕಾರಣ ಹೇಳಿ. ನಾನು ಹಾಗೆ ಹೇಳಿದಾಗ, "ನಾನೂ ನಿನ್ನ ಹಾಗೇ ಇದ್ದೇನೆ" ಎಂದು ಅವರಲ್ಲೇ ಒಬ್ಬರು ಹೇಳಿದರು.

ಹೆಜ್ಜೆ 2: ನಿಜವಾದ ಮೊತ್ತ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಪುಟದಲ್ಲಿ ಸಾಲ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕಟ್ಟುವ ದಿನ ಯಾವುದು. ಸ್ನೇಹಿತರ ಕೈಸಾಲವೂ ಬರಲಿ. ಇನ್ನೊಂದು ಪುಟದಲ್ಲಿ ಕಳೆದ 12 ತಿಂಗಳಲ್ಲಿ ಆಟಿಕೆಗೆ ಹೋದದ್ದು. ಬ್ಯಾಂಕ್ ಸ್ಟೇಟ್‌ಮೆಂಟ್, ಆರ್ಡರ್ ಪಟ್ಟಿ ಎರಡನ್ನೂ ಇಟ್ಟುಕೊಂಡು ಬರೆಯಿರಿ. ಸಾಗಣೆ ಖರ್ಚು, ಡಿಸ್‌ಪ್ಲೇ ಕಪಾಟು, ತಡವಾಗಿ ಕಟ್ಟಿದ ದಂಡ, ಎಲ್ಲ ಸೇರಿಸಿ. ಒಂದೇ ಸಲಕ್ಕೆ ಆಗದಿದ್ದರೆ ದಿನಕ್ಕೆ ಒಂದು ತಿಂಗಳ ಲೆಕ್ಕ ಮಾಡಿ. ನಾನು ಮೂರನೇ ದಿನ ಪೆನ್ ಕೆಳಗಿಟ್ಟು ಎದ್ದು ಹೋಗಿದ್ದೆ. ಮರುದಿನ ಮತ್ತೆ ಕೂತೆ.

ಹೆಜ್ಜೆ 3: ಒಬ್ಬರಿಗೆ ಪೂರ್ತಿ ಹೇಳಿ

ಇಷ್ಟೂ ಹೆಜ್ಜೆಗಳಲ್ಲಿ ಇದೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಈ ಚಟ ಬದುಕುವುದೇ ಗುಟ್ಟಿನಲ್ಲಿ. ಬಾಕ್ಸ್ ಮುಚ್ಚಿಡುತ್ತೇವೆ, ಆಮೇಲೆ ಬಿಲ್ ಮುಚ್ಚಿಡುತ್ತೇವೆ, ಆಮೇಲೆ ಮುಖ ಮುಚ್ಚಿಕೊಂಡು ಓಡಾಡುತ್ತೇವೆ. ಆ ಸಂಕಟ ತಡೆಯಲಾರದೆ ಇನ್ನೊಂದು ಕೊಳ್ಳುತ್ತೇವೆ.

ನಾನು ತಂಗಿಗೆ ಹೇಳಿದೆ. ಕೆಲಸದ ಒತ್ತಡ, ಬೆಲೆ ಏರಿಕೆ ಅಂತ ಏನೇನೋ ಶುರು ಮಾಡಿದ್ದೆ. ಅವಳು ನಡುವೆಯೇ ತಡೆದಳು. "ಅಣ್ಣಾ, ಸುತ್ತಿ ಬಳಸಿ ಹೇಳ್ಬೇಡ. ಒಟ್ಟು ಎಷ್ಟು?" ಬಾಯಿ ಒಣಗಿತ್ತು. ನೋಟ್‌ಬುಕ್ ಅವಳ ಕಡೆ ತಳ್ಳಿದೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಬೈಯಲಿಲ್ಲ. "ಇದರಲ್ಲಿ ಇನ್ನೂ ಬರೆಯದೇ ಇರೋದು ಏನಾದ್ರೂ ಇದೆಯಾ?" ಅಂದಳು. ಇತ್ತು. ಅದನ್ನೂ ಬರೆದೆ.

ಅವಳ ಆ ಎರಡನೇ ಪ್ರಶ್ನೆಯನ್ನು ನೀವೇ ನಿಮಗೆ ಕೇಳಿಕೊಳ್ಳಿ. ಅರ್ಧ ಹೇಳಿದರೆ ಉಳಿದ ಅರ್ಧವನ್ನು ಕಾಯುವ ಕೆಲಸ ಹಾಗೇ ಉಳಿಯುತ್ತದೆ. ಹೇಳುವಾಗ ಏನು ಸಹಾಯ ಬೇಕು ಎಂದೂ ಹೇಳಿ. "ವಾರಕ್ಕೊಮ್ಮೆ ನನ್ನ ಸ್ಟೇಟ್‌ಮೆಂಟ್ ನೋಡು" ಅಂದರೆ ಅವರಿಗೆ ಮಾಡಲು ಒಂದು ಕೆಲಸ ಸಿಗುತ್ತದೆ. "ನನ್ನನ್ನು ಸರಿ ಮಾಡು" ಅಂದರೆ ಅವರೂ ಕಂಗಾಲಾಗುತ್ತಾರೆ. ಗಂಡ ಅಥವಾ ಹೆಂಡತಿಯ ಜೊತೆ ಖಾತೆ ಒಂದೇ ಆಗಿದ್ದರೆ ಮೊದಲು ಅವರಿಗೇ ಹೇಳಿ. ತಡ ಮಾಡಿದಷ್ಟೂ ಸಾಲಕ್ಕಿಂತ ಮುಚ್ಚಿಟ್ಟದ್ದೇ ಅವರಿಗೆ ಜಾಸ್ತಿ ನೋವು ಕೊಡುತ್ತದೆ.

ಕೇಳಿಸಿಕೊಳ್ಳುವ ಮನೆಯವರಿಗೆ ಒಂದು ಮಾತು. ಸಿಟ್ಟು ಬರುವುದು ಸಹಜ. ಆದರೆ ಆಟಿಕೆಗಳನ್ನು ಎತ್ತಿ ಬಿಸಾಡಬೇಡಿ, "ಚಿಕ್ಕ ಮಗುವಿನ ಥರ" ಎಂದು ಹಂಗಿಸಬೇಡಿ. ಸಾಲವನ್ನೆಲ್ಲ ಒಂದೇ ಸಲ ತೀರಿಸಿ ಕಾರ್ಡ್ ವಾಪಸ್ ಅವರ ಕೈಗೇ ಕೊಡುವುದು ತೂತು ಮಡಕೆಗೆ ನೀರು ತುಂಬಿದ ಹಾಗೆ.

ಹೆಜ್ಜೆ 4: ಸಾಲಕ್ಕೆ ಒಂದು ಕ್ರಮ

ಸಂಬಳ ಬಂದ ದಿನವೇ ಬಾಡಿಗೆ, ಊಟ, ಕರೆಂಟ್, ಔಷಧಿ, ಮಕ್ಕಳ ಫೀಸು ಬೇರೆ ಇಡಿ. ಮಿಕ್ಕಿದ್ದರಲ್ಲಿ ಎಲ್ಲ ಸಾಲಗಳಿಗೂ ಕನಿಷ್ಠ ಮೊತ್ತ ಕಟ್ಟಿ. ಅದಾದ ಮೇಲೆ ಉಳಿದದ್ದನ್ನೆಲ್ಲ ಜಾಸ್ತಿ ಬಡ್ಡಿ ಇರುವ ಸಾಲಕ್ಕೆ ಹಾಕಿ.

ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದರೆ ಏನಾಗುತ್ತದೆ ಗೊತ್ತಾ? ಕಾರ್ಡಿನ ಬಡ್ಡಿ ತಿಂಗಳಿಗೆ 3% ಎಂದುಕೊಳ್ಳಿ. ಏನೂ ಕಟ್ಟದಿದ್ದರೆ 100 ಇದ್ದ ಸಾಲ ವರ್ಷಕ್ಕೆ 142 ದಾಟುತ್ತದೆ. ಪ್ರತಿ ತಿಂಗಳು ಬಾಕಿಯ 5% ಕಟ್ಟುತ್ತಾ, ಹೊಸದಾಗಿ ಏನನ್ನೂ ಕೊಳ್ಳದೇ ಇದ್ದರೂ, ಸಾಲ ಅರ್ಧಕ್ಕೆ ಇಳಿಯಲು ಸುಮಾರು 32 ತಿಂಗಳು ಬೇಕು. ಅರ್ಧಕ್ಕೆ ಮಾತ್ರ. ಆಫರ್‌ನಲ್ಲಿ ಸಿಕ್ಕ ಆಟಿಕೆ ಅಷ್ಟರಲ್ಲಿ ಎಷ್ಟು ದುಬಾರಿ ಆಗಿರುತ್ತದೆ ನೋಡಿ.

ಕಂತು ಕಟ್ಟಲು ಆಗುವುದೇ ಇಲ್ಲ ಅನ್ನಿಸಿದರೆ ದಿನ ತಪ್ಪುವ ಮೊದಲೇ ಸಾಲ ಕೊಟ್ಟವರ ಜೊತೆ ಮಾತಾಡಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವ ಮುನ್ನ ನಿಂತು ಯೋಚಿಸಿ. ಕಡಿಮೆ ಬಡ್ಡಿಯ ಸಾಲ ತಂದು ಕಾರ್ಡ್ ಬಾಕಿ ತೀರಿಸುವುದು ಕಾಗದದ ಮೇಲೆ ಸರಿಯೇ. ಆದರೆ ಖಾಲಿಯಾದ ಕಾರ್ಡ್ ಜೇಬಿನಲ್ಲೇ ಉಳಿದರೆ ನಮ್ಮಂಥವರಿಗೆ ಆರು ತಿಂಗಳಲ್ಲಿ ಎರಡು ಸಾಲ ಆಗುತ್ತದೆ. ಹಾಗೆ ಮಾಡುವುದಾದರೆ ಅದೇ ದಿನ ಕಾರ್ಡ್ ಮುಚ್ಚಿಸಿ.

ಹೆಜ್ಜೆ 5: ಆಸೆ ಬಂದಾಗ

ಬಂದೇ ಬರುತ್ತದೆ. ಅದಕ್ಕೆ ಹೆದರಬೇಡಿ. ಚಟಗಳ ಚಿಕಿತ್ಸೆಯಲ್ಲಿ ಹೆಸರು ಮಾಡಿದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ತುಡಿತವನ್ನು ಸಮುದ್ರದ ಅಲೆಗೆ ಹೋಲಿಸಿದ್ದರು. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದರ ಜೊತೆ ಗುದ್ದಾಡದೆ, ಇಳಿಯುವ ತನಕ ನೋಡುತ್ತಾ ಇರಬೇಕು. ಫೋನನ್ನು ಬೇರೆ ಕೋಣೆಯಲ್ಲಿ ಇಡಿ. ಮೈಯಲ್ಲಿ ಎಲ್ಲಿ ಬಿಗಿಯಾಗಿದೆ ಗಮನಿಸಿ. ನನಗೆ ಹೆಬ್ಬೆರಳು ಚಡಪಡಿಸುತ್ತಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಅರ್ಧ ಗಂಟೆ ತಳ್ಳಿದರೆ ಬಹಳಷ್ಟು ಸಲ ಇಳಿದಿರುತ್ತಿತ್ತು.

ಇಳಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಿರಿ: ಎಷ್ಟು ಹೊತ್ತಿಗೆ, ಏನು ಬೇಕೆನಿಸಿತು, ಅದಕ್ಕೂ ಮೊದಲು ಏನಾಗಿತ್ತು. ಎರಡು ವಾರದಲ್ಲಿ ಒಂದು ಜಾಡು ಕಾಣುತ್ತದೆ. ಕೆಲವರಿಗೆ ಸಂಬಳದ ದಿನ. ಕೆಲವರಿಗೆ ಜಗಳ ಆದ ಮೇಲೆ. ನನಗೆ ಭಾನುವಾರ ರಾತ್ರಿ, ಮರುದಿನದ ಕೆಲಸ ನೆನೆದು ಹೊಟ್ಟೆಯಲ್ಲಿ ಸಂಕಟ ಆಗುವ ಹೊತ್ತು. ಅದು ಗೊತ್ತಾದ ಮೇಲೆ ಭಾನುವಾರ ರಾತ್ರಿ ಒಬ್ಬನೇ ಇರದ ಹಾಗೆ ನೋಡಿಕೊಂಡೆ.

ಮನೆಯಲ್ಲಿ ಇರುವ ಆಟಿಕೆಗಳ ಜೊತೆ ಸಮಯ ಕಳೆಯುವುದೂ ಸಹಾಯ ಮಾಡುತ್ತದೆ. ಧೂಳು ಒರೆಸಿ, ಫೋಟೊ ತೆಗೆಯಿರಿ, ಕಿತ್ತು ಹಾಕಿದ ಸೆಟ್ಟನ್ನು ಮತ್ತೆ ಜೋಡಿಸಿ. ಇಷ್ಟದ ಒಂದು ಪ್ಯಾಕೆಟ್ ಒಡೆಯಿರಿ. ಆ ನೀಲಿ ಕಾರುಗಳಲ್ಲಿ ಒಂದನ್ನು ನಾನು ಒಡೆದೆ. ಚಕ್ರ ಅಷ್ಟು ನುಣ್ಣಗೆ ತಿರುಗುತ್ತದೆ ಎಂದು ಅಲ್ಲಿಯವರೆಗೂ ನನಗೆ ಗೊತ್ತಿರಲಿಲ್ಲ.

ಹೆಜ್ಜೆ 6: ಕೆಲವನ್ನು ಮಾರಿ, ಆದರೆ ಎಚ್ಚರದಿಂದ

"ಇದು ಇನ್ವೆಸ್ಟ್‌ಮೆಂಟ್, ಬೆಲೆ ಏರುತ್ತೆ" ಎಂದು ನಾವೆಲ್ಲ ಹೇಳಿಕೊಂಡಿದ್ದೇವೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಬೀನಿ ಬೇಬೀಸ್ ಎಂಬ ಮೆತ್ತನೆ ಗೊಂಬೆಗಳನ್ನು ಜನ ಹಾಗೇ ನಂಬಿ ರಾಶಿ ಹಾಕಿದರು. 1999ರಲ್ಲಿ ವಿಚ್ಛೇದನ ಪಡೆದ ದಂಪತಿ ಲಾಸ್ ವೇಗಾಸ್‌ನ ಕೋರ್ಟಿನ ನೆಲದ ಮೇಲೆ ಕೂತು ಆ ಗೊಂಬೆಗಳನ್ನು ಒಂದೊಂದಾಗಿ ಹಂಚಿಕೊಂಡ ಫೋಟೊ ಇವತ್ತಿಗೂ ಓಡಾಡುತ್ತದೆ. ಅಷ್ಟರಲ್ಲೇ ಬೆಲೆ ಕುಸಿಯತೊಡಗಿತ್ತು. ಎಲ್ಲರೂ ಜೋಪಾನವಾಗಿ ಎತ್ತಿಟ್ಟ ವಸ್ತು ಅಪರೂಪ ಆಗುವುದಿಲ್ಲ.

ನಿಮ್ಮ ವಸ್ತುವಿಗೆ ಬರುವ ಬೆಲೆ ಕೇಳಿ ಅವಮಾನ ಆದ ಹಾಗೆ ಅನ್ನಿಸಬಹುದು. ಅದು ಎಲ್ಲರಿಗೂ ಆಗುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಮ್ನೆ ಕೈಗೆ ಕೊಟ್ಟ ಕಾಫಿ ಮಗ್ ಮಾರಲು ಜನ ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ್ದರ ಸುಮಾರು ಎರಡರಷ್ಟಿತ್ತು. ಅದೇ ಆಟಿಕೆ ಈಚೆಗೆ ಎಷ್ಟಕ್ಕೆ ಮಾರಾಟವಾಗಿದೆ ನೋಡಿ ಬೆಲೆ ಇಡಿ. ಬೇರೆಯವರು ಇಟ್ಟಿರುವ ಬೆಲೆ ನೋಡಬೇಡಿ, ಅದಕ್ಕೆ ಮಾರಾಟ ಆಗಿದೆ ಎಂದು ಯಾರು ಹೇಳಿದರು?

ಮಾರುವ ಜಾಗವೇ ಕೊಳ್ಳುವ ಜಾಗವೂ ಹೌದು. ಒಂದು ಮಾರಲು ಹೋಗಿ ಎರಡು ತರುವ ಸಾಧ್ಯತೆ ಜಾಸ್ತಿ. ಹಾಗಾಗಿ ಮಾರಾಟವನ್ನು ನಿಮ್ಮ ಗುಟ್ಟು ಗೊತ್ತಿರುವ ಆ ಒಬ್ಬರ ಕೈಗೆ ಕೊಡಿ. ದುಡ್ಡು ನೇರವಾಗಿ ಸಾಲಕ್ಕೆ ಹೋಗಲಿ. ಅದಲು ಬದಲು ಮಾತ್ರ ಬೇಡ, ಅದರಲ್ಲೂ ಅದೇ ಬೇಟೆಯ ಬಿಸಿ ಇರುತ್ತದೆ. ಎಲ್ಲವನ್ನೂ ಮಾರಬೇಡಿ. ನಿಜವಾಗಿ ಪ್ರೀತಿಸುವುದನ್ನು ಉಳಿಸಿಕೊಳ್ಳಿ. ಎಲ್ಲ ಕೊಟ್ಟು ಖಾಲಿ ಗೋಡೆ ನೋಡುತ್ತಾ ಕೂತರೆ ಮೂರೇ ದಿನದಲ್ಲಿ ಮತ್ತೆ ಶುರುವಾಗುತ್ತದೆ.

ಹೆಜ್ಜೆ 7: ಜಾರಿದರೆ

ಮೊದಲ ಮೂರು ತಿಂಗಳು ಒಂದೂ ಕೊಳ್ಳಬೇಡಿ ಎಂದು ನಾನು ಹೇಳುತ್ತೇನೆ. ಆಮೇಲೆ ಸಾಲದ ಕಂತು ಸರಿಯಾಗಿ ಹೋಗುತ್ತಿದ್ದರೆ ತಿಂಗಳಿಗೆ ಒಂದು ಚಿಕ್ಕ ಮೊತ್ತ, ನಗದಿನಲ್ಲಿ, ಒಂದು ಕವರಿನಲ್ಲಿ. ಖಾಲಿಯಾದರೆ ಮುಂದಿನ ತಿಂಗಳೇ. ಕುಡಿತ ಬಿಟ್ಟವರ ಹಾಗೆ ಪೂರ್ತಿ ದೂರ ಇರುವುದೇ ಸುಲಭ ಅನ್ನುವವರೂ ಇದ್ದಾರೆ. ನಿಮಗೆ ಯಾವುದು ಅನ್ನುವುದು ನಿಮ್ಮ ನೋಟ್‌ಬುಕ್ಕಿನಿಂದಲೇ ತಿಳಿಯುತ್ತದೆ.

ಒಂದು ದಿನ ಜಾರುತ್ತೀರಿ. ಆ ರಾತ್ರಿ "ಹೇಗಿದ್ದರೂ ಹಾಳಾಯ್ತು" ಎಂದು ಇನ್ನೂ ಮೂರು ಕೊಳ್ಳುವುದೇ ಹೆಚ್ಚು ನಷ್ಟ. ಮೊದಲು ಆರ್ಡರ್ ರದ್ದು ಮಾಡಿ. ಪಾರ್ಸೆಲ್ ಬಂದಿದ್ದರೆ ಬಿಚ್ಚದೆ ವಾಪಸ್ ಕಳಿಸಿ. 24 ಗಂಟೆಯೊಳಗೆ ಆ ಒಬ್ಬರಿಗೆ ಹೇಳಿ.

ಹೆಜ್ಜೆ 8: ಡಾಕ್ಟರ ಹತ್ತಿರ ಯಾವಾಗ?

ಇಷ್ಟು ಮಾಡಿಯೂ ಕೈ ನಿಲ್ಲದಿದ್ದರೆ, ಅಥವಾ ನಿದ್ದೆ, ಕೆಲಸ, ಸಂಬಂಧ ಕೆಡುತ್ತಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಯೋಚನೆ ಮತ್ತು ನಡವಳಿಕೆ ತಿದ್ದುವ ಸಿಬಿಟಿ ಎಂಬ ಚಿಕಿತ್ಸೆ, ಅದರಲ್ಲೂ ಗುಂಪಿನಲ್ಲಿ ಮಾಡಿದ್ದು, ಈ ತೊಂದರೆಗೆ ಉಪಯೋಗವಾಗಿದೆ. 1976ರಲ್ಲಿ ಅಮೆರಿಕದಲ್ಲಿ ಶುರುವಾದ ಡೆಟರ್ಸ್ ಅನಾನಿಮಸ್ ಎಂಬ ಸಾಲಗಾರರ ಬಳಗ ಆನ್‌ಲೈನ್‌ನಲ್ಲೂ ಸಭೆ ನಡೆಸುತ್ತದೆ.

ಎರಡು ವಿಷಯ ಡಾಕ್ಟರಿಗೆ ತಪ್ಪದೆ ಹೇಳಿ. ಒಂದು, ಕೆಲವು ದಿನ ನಿದ್ದೆಯೇ ಬೇಡ ಅನ್ನಿಸುವಷ್ಟು ಹುರುಪು ಬಂದು, ಆ ದಿನಗಳಲ್ಲೇ ವಿಪರೀತ ಖರ್ಚಾಗುತ್ತದೆಯೇ? ಬೈಪೋಲಾರ್ ಕಾಯಿಲೆಯಲ್ಲಿ ಹೀಗಾಗುತ್ತದೆ, ಅದರ ಚಿಕಿತ್ಸೆ ಬೇರೆ. ಎರಡು, ನೀವು ತೆಗೆದುಕೊಳ್ಳುವ ಮಾತ್ರೆಗಳು. ಪಾರ್ಕಿನ್ಸನ್ಸ್ ಮತ್ತು ಕಾಲು ಚಡಪಡಿಸುವ ತೊಂದರೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್, ಮನಸ್ಸಿನ ಕಾಯಿಲೆಗೆ ಕೊಡುವ ಅರಿಪಿಪ್ರಝೋಲ್ ಕೆಲವರಲ್ಲಿ ಕೊಳ್ಳುವ, ಜೂಜಾಡುವ ತುಡಿತ ಹುಟ್ಟಿಸುತ್ತವೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾವಾಗ ಶುರು ಮಾಡಿದಿರಿ, ಖರ್ಚು ಯಾವಾಗಿಂದ ಜಾಸ್ತಿಯಾಯಿತು ಅನ್ನುವುದನ್ನು ತಾರೀಖಿನ ಸಮೇತ ಹೇಳಿ.

ಸಾಲದ ಚಿಂತೆಯಲ್ಲಿ ಬದುಕೇ ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಆಗಲೇ ಹತ್ತಿರದವರನ್ನು ಕರೆಯಿರಿ, ಆಸ್ಪತ್ರೆಗೆ ಹೋಗಿ. ಯಾವ ಸಾಲವೂ ಜೀವಕ್ಕೆ ಸಮ ಅಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಆ ನೋಟ್‌ಬುಕ್ಕನ್ನು ಜೊತೆಗೇ ತೆಗೆದುಕೊಂಡು ಹೋಗಿ. ಮಾತು ಶುರು ಮಾಡಲು ಕಷ್ಟವಾದರೆ ಸುಮ್ನೆ ಮೊದಲ ಪುಟ ತೆರೆದು ಅವರ ಮುಂದೆ ಇಡಿ.